ಬೋರ್ಡಿಗಿಂತ ಮೊದಲು ಹಿಮ್ಮಡಿ ನೋಡಿ

ಮುಳಬಾಗಿಲು ತಾಲ್ಲೂಕು ತಾಯಲೂರು ಹೋಬಳಿಯ ಒಂದು ಮನೆ ಎಂದುಕೊಳ್ಳಿ. ಎಂಬತ್ತರ ಹತ್ತಿರದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಕೋಲಾರದಲ್ಲಿ ಆಪರೇಷನ್ ಮುಗಿದು ಡಿಸ್ಚಾರ್ಜ್ ಚೀಟಿಯೂ ಕೈಗೆ ಬಂದಿದೆ. ಮಗನಿಗೆ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಸೊಸೆಗೆ ಟೊಮೆಟೊ ಕೀಳುವ ಸುಗ್ಗಿ, ಮೇಲೆ ಎರಡು ಹಸು. ಮಗಳು ಬೆಂಗಳೂರಿನಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ, ಲಿಫ್ಟ್ ಇಲ್ಲ. "ಎರಡು ಮೂರು ತಿಂಗಳು ಎಲ್ಲಾದರೂ ಒಳ್ಳೆ ಕಡೆ ಬಿಟ್ಟರೆ ಹೇಗೆ?" ಎಂದು ಯಾರೋ ಒಬ್ಬರು ಬಾಯಿ ಬಿಡುತ್ತಾರೆ. ಉಳಿದವರು ಸುಮ್ಮನಾಗುತ್ತಾರೆ. ಊರವರು ಏನೆಂದಾರು ಎಂಬ ಅಳುಕು ಒಂದು ಕಡೆ. ಒಳ್ಳೆ ಕಡೆ ಯಾವುದು, ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದು ಇನ್ನೊಂದು ಕಡೆ.

ಅಳುಕಿಗೆ ಮದ್ದು ಹೇಳುವುದು ಕಷ್ಟ. ಎರಡನೆಯದಕ್ಕೆ ಉತ್ತರವಿದೆ.

ಮೊದಲ ಗೋಜಲು ಹೆಸರಿನದು. ಅಮೆರಿಕ, ಇಂಗ್ಲೆಂಡುಗಳಲ್ಲಿ ನರ್ಸಿಂಗ್ ಹೋಂ ಎಂದರೆ ಕೈಲಾಗದ ಹಿರಿಯರು ವರ್ಷಗಟ್ಟಲೆ ಆರೈಕೆ ಪಡೆಯುವ ಮನೆ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿರುವ ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಹೆರಿಗೆ, ಅಪೆಂಡಿಕ್ಸ್, ಡೆಂಗಿ ಜ್ವರಕ್ಕೆ ಹೋಗುವ ಜಾಗ. ಹಿರಿಯರು ಉಳಿಯುವ ಜಾಗಕ್ಕೆ ನಾವು ವೃದ್ಧಾಶ್ರಮ ಎನ್ನುತ್ತೇವೆ. ಇವೆರಡರ ನಡುವೆ ಈಚೆಗೆ ಮೂರನೆಯದೊಂದು ಬೆಳೆದಿದೆ: ಕೇರ್ ಹೋಂ, ಎಲ್ಡರ್ ಕೇರ್, ರಿಹ್ಯಾಬ್ ಸೆಂಟರ್ ಎಂಬ ಬೋರ್ಡಿನ ಬಾಡಿಗೆ ಮನೆಗಳು. ನಮ್ಮ ಅಜ್ಜಿಗೆ ಬೇಕಾದದ್ದು ಹೆಚ್ಚುಕಡಿಮೆ ಈ ಮೂರನೆಯದೇ. ಆದರೆ ಮೂರಕ್ಕೂ ಕಾನೂನು ಒಂದೇ ಅಲ್ಲ. ಹಾಗಾಗಿ ಒಳಗೆ ಕಾಲಿಡುವ ಮುನ್ನ ಕೇಳಬೇಕಾದ ಪ್ರಶ್ನೆ ಸರಳ: ನಿಮ್ಮ ನೋಂದಣಿ ಯಾವ ಕಾಯ್ದೆಯಡಿ?

ಚಿಕಿತ್ಸೆ ಕೊಡುತ್ತೇವೆ ಎನ್ನುವವರು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಾಯಿಸಿರಬೇಕು. ಜನ ಇದನ್ನು ಕೆಪಿಎಂಇ ಎನ್ನುತ್ತಾರೆ. ನೋಂದಣಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ. ಅವಧಿ ಐದು ವರ್ಷ. ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು, ದರಪಟ್ಟಿಯೂ ಅಷ್ಟೇ. ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಫಲಕ ಹಾಕಿ, ಅದರಲ್ಲಿ ಕೆಪಿಎಂಇ ಸಂಖ್ಯೆ ಬರೆಸಬೇಕೆಂದು 2024ರಲ್ಲಿ ಆರೋಗ್ಯ ಇಲಾಖೆ ಸೂಚಿಸಿತು.

ಈ ಕಾಯ್ದೆಗೂ ಕೋಲಾರ ಸೀಮೆಗೂ ನಂಟಿದೆ. ಅದಕ್ಕೆ 2017ರಲ್ಲಿ ಬಿಗಿಯಾದ ತಿದ್ದುಪಡಿ ತಂದಾಗ ಆರೋಗ್ಯ ಸಚಿವರಾಗಿದ್ದವರು ಶ್ರೀನಿವಾಸಪುರದ ಆಗಿನ ಶಾಸಕ ಕೆ.ಆರ್. ರಮೇಶ್ ಕುಮಾರ್. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು. ಜಗ್ಗಾಟದ ನಡುವೆ ಮಸೂದೆ ಸಾಕಷ್ಟು ಮೆತ್ತಗಾಗಿ ಬೆಳಗಾವಿ ಅಧಿವೇಶನದಲ್ಲಿ ಪಾಸಾಯಿತು. ಆದರೂ ಉಳಿದವು ಸಣ್ಣವಲ್ಲ: ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಿ ಎಂದು ರೋಗಿಯನ್ನು ಕಾಯಿಸುವಂತಿಲ್ಲ, ಬಿಲ್ ಬಾಕಿ ಇದೆಯೆಂದು ಶವವನ್ನು ತಡೆಹಿಡಿಯುವಂತಿಲ್ಲ.

ವೃದ್ಧಾಶ್ರಮದ ಲೆಕ್ಕ ಬೇರೆ. ಅದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದೂ 2007ರಲ್ಲೇ. ಅದರಡಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ನಿಯಮಗಳು ಮಲಗುವ ಕೋಣೆಯಲ್ಲಿ ತಲೆಗೆ 7.5 ಚದರ ಮೀಟರ್ ಜಾಗವಿರಬೇಕು ಎನ್ನುತ್ತವೆ, ಅಂದರೆ ಸುಮಾರು 80 ಚದರ ಅಡಿ. ಒಂದು ಮಂಚ, ಒಂದು ಸಣ್ಣ ಬೀರು, ವಾಕರ್ ತಿರುಗಿಸಲು ಜಾಗ. ಮಂಚದಿಂದ ಮಂಚಕ್ಕೆ ಒಬ್ಬರು ಅಡ್ಡಡ್ಡ ನಡೆಯಬೇಕಾದಷ್ಟು ಇಕ್ಕಟ್ಟಾಗಿದ್ದರೆ ಅಳೆಯಲು ಟೇಪೇ ಬೇಡ.

ಕಾಗದ ಸರಿಯಿದ್ದ ಮಾತ್ರಕ್ಕೆ ಆರೈಕೆ ಸರಿಯಿದೆ ಎನ್ನುವಂತಿಲ್ಲ. ಅಮೆರಿಕದ ಸರ್ಕಾರ 2008ರ ಕೊನೆಯಲ್ಲಿ ನರ್ಸಿಂಗ್ ಹೋಂಗಳಿಗೆ ಒಂದರಿಂದ ಐದು ನಕ್ಷತ್ರ ಕೊಡಲು ಶುರುಮಾಡಿತು. ಎಷ್ಟು ಸಿಬ್ಬಂದಿ ಇದ್ದಾರೆ ಎಂಬ ಲೆಕ್ಕವನ್ನು ಆಗ ಆ ಹೋಂಗಳೇ ಬರೆದು ಕೊಡುತ್ತಿದ್ದವು. ಮಗುವಿನ ಮಾರ್ಕ್ಸ್ ಕಾರ್ಡನ್ನು ಮಗುವೇ ತುಂಬಿದಂತೆ! 2018ರಲ್ಲಿ ಆ ಪದ್ಧತಿ ಬಿಟ್ಟು ಸಂಬಳದ ದಾಖಲೆಯಿಂದ ತಲೆ ಎಣಿಸತೊಡಗಿದರು. ನಮ್ಮಲ್ಲಿ ಅಂಥ ನಕ್ಷತ್ರಪಟ್ಟಿ ಇಲ್ಲ. 50 ಹಾಸಿಗೆವರೆಗಿನ ಸಣ್ಣ ಆಸ್ಪತ್ರೆಗಳಿಗೆ ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಉಂಟು, ಇದ್ದರೆ ಒಳ್ಳೆಯದೇ. ಆದರೆ ಅದು ಕಡ್ಡಾಯವಲ್ಲ. ಅಮೆರಿಕದವರು ಹತ್ತು ವರ್ಷಕ್ಕೆ ಕಲಿತ ಪಾಠವನ್ನು ತಾಯಲೂರಿನವರು ಮೊದಲ ದಿನವೇ ಬಳಸಬಹುದು. "ಎಷ್ಟು ಜನ ಇದ್ದೀರಿ?" ಎಂದು ಕೇಳುವ ಬದಲು "ಈ ತಿಂಗಳ ಡ್ಯೂಟಿ ಚಾರ್ಟ್ ತೋರಿಸಿ" ಎನ್ನಿ. ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ, ಅವರು ಏನು ಓದಿದ್ದಾರೆ ಎಂಬುದನ್ನು ಅದರಲ್ಲೇ ನೋಡಿ. ಎಎನ್‌ಎಂ ಎರಡು ವರ್ಷದ ತರಬೇತಿ, ಜಿಎನ್‌ಎಂ ಮೂರು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು. ಬಿಳಿ ಕೋಟು ತೊಟ್ಟವರೆಲ್ಲ ನರ್ಸ್ ಅಲ್ಲ. ಅಟೆಂಡರ್ ಇರಬಾರದು ಎಂದಲ್ಲ, ಅಜ್ಜಿಯನ್ನು ಎತ್ತಿ ಕೂರಿಸುವವರು ಅವರೇ. ಆದರೆ ಇನ್ಸುಲಿನ್ ಚುಚ್ಚುವವರು ಯಾರೆಂದು ಗೊತ್ತಿರಬೇಕು.

ಮೊದಲ ಭೇಟಿ ಹೇಳಿಯೇ ಹೋಗಿ. ಎರಡನೆಯದಕ್ಕೆ ಹೇಳದೆ ಹೋಗಿ, ಸಂಜೆ ಆರೂವರೆ ಏಳರ ಹೊತ್ತಿಗೆ. ಹಗಲಿನ ಡ್ಯೂಟಿಯವರು ಬ್ಯಾಗ್ ಹೆಗಲಿಗೇರಿಸುವ, ರಾತ್ರಿಯವರು ಇನ್ನೂ ಬರುತ್ತಿರುವ, ಊಟ ಬಡಿಸುವ ಗಡಿಬಿಡಿಯ ಸಮಯ ಅದು. ಮರೆವಿನ ಕಾಯಿಲೆಯವರಿಗೆ ಕಳವಳ ಹೆಚ್ಚುವುದೂ ಹೊತ್ತು ಮುಳುಗುವಾಗಲೇ. ಕರೆಗಂಟೆ ಒತ್ತಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ? ಯಾರನ್ನಾದರೂ ಮಂಚಕ್ಕೋ ಕುರ್ಚಿಗೋ ಬಟ್ಟೆಯಿಂದ ಕಟ್ಟಿದ್ದಾರೆಯೇ? ಏಳಕ್ಕೇ ಎಲ್ಲರೂ ಗಾಢ ನಿದ್ದೆಯಲ್ಲಿದ್ದರೆ ಅದು ನೆಮ್ಮದಿಯೋ ನಿದ್ದೆ ಮಾತ್ರೆಯೋ? ಮೂತ್ರದ ವಾಸನೆ ಒಂದು ಮಂಚದ ಬಳಿ ಬಂದರೆ ಆಗತಾನೆ ಏನೋ ಆಗಿರಬಹುದು. ಇಡೀ ಕಾರಿಡಾರಿಗೇ ಹಿಡಿದಿದ್ದರೆ ಬಟ್ಟೆ ಬದಲಿಸುವ ಕೈಗಳು ಸಾಲುತ್ತಿಲ್ಲ ಎಂದರ್ಥ. ಫಿನಾಯಿಲಿನ ಘಾಟು ಕಣ್ಣಿಗೆ ಹೊಡೆದರೂ ಅನುಮಾನ ಪಡಿ.

ನೀರಿನ ಲೋಟ ಎಲ್ಲಿದೆ ನೋಡಿ. ಸ್ಟೂಲಿನ ಮೇಲೆ ತುಂಬಿ, ಮುಚ್ಚಿಟ್ಟಿರಬಹುದು. ಆದರೆ ಮಲಗಿದವರ ಕೈಗೆ ಎಟುಕುತ್ತದೆಯೇ? ಕೋಲಾರ ಜಿಲ್ಲೆಯಲ್ಲಿ ಮತ್ತೂ ಒಂದು ಮಾತು ಕೇಳಲೇಬೇಕು: ಯಾವ ನೀರು? ಇಲ್ಲಿನ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುವುದು ಹಳೆಯ ಕಥೆ. ಬದುಕಿಡೀ ಅದನ್ನೇ ಕುಡಿದ ಮೂಳೆ ಕೀಲುಗಳಿಗೆ ಇನ್ನಷ್ಟು ಬೇಕಿಲ್ಲ. ಶುದ್ಧೀಕರಿಸಿದ ನೀರು ಕುಡಿಯಲು ಮಾತ್ರವೋ, ಅಡುಗೆಗೂ ಉಂಟೋ?

ಇನ್ನು ಹಿಮ್ಮಡಿ. ಹಾಸಿಗೆ ಹಿಡಿದವರ ಆರೈಕೆ ಹೇಗಿದೆ ಎಂಬುದನ್ನು ರಿಸೆಪ್ಷನ್ನಿನ ಸೋಫಾಕ್ಕಿಂತ ಚೆನ್ನಾಗಿ ಹೇಳುವ ಜಾಗ ಅದು. ಮೂಳೆ ಚರ್ಮಕ್ಕೆ ಹತ್ತಿರವಿರುವ ಹಿಮ್ಮಡಿ, ಬೆನ್ನ ಬುಡ, ಸೊಂಟದ ಪಕ್ಕ, ಹೆಗಲ ಎಲುಬುಗಳಲ್ಲಿ ಒತ್ತಡ ಬಿದ್ದು ರಕ್ತ ಹರಿಯದಾದಾಗ ಹಾಸಿಗೆ ಹುಣ್ಣು ಹುಟ್ಟುತ್ತದೆ. ಸೂಚನೆ ಮೊದಲೇ ಸಿಗುತ್ತದೆ. ಬೆರಳಿಂದ ಒತ್ತಿ ಬಿಟ್ಟಾಗಲೂ ಮಾಸದ ಕೆಂಪು ಅದು. ನಮ್ಮ ಮೈಬಣ್ಣಕ್ಕೆ ಕೆಂಪು ಕಾಣದಿರಬಹುದು. ಆ ಜಾಗ ಸುತ್ತಲಿಗಿಂತ ಕಪ್ಪಾಗಿ, ಬೆಚ್ಚಗೆ, ಗಟ್ಟಿಯಾಗಿ ಕೈಗೆ ಸಿಗುತ್ತದೆ. ಸ್ವತಃ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಹಳೆಯ ರೂಢಿ. ಅದಕ್ಕೊಂದು ಹಾಳೆ ಮಂಚದ ಕಾಲಬುಡದಲ್ಲಿ ತೂಗುತ್ತಿರಬೇಕು. ಇಡೀ ದಿನದ ಟಿಕ್ಕುಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದರೆ ಅವು ಹೊರಳಿಸಿದ್ದರ ಗುರುತಲ್ಲ. ಅಜ್ಜಿಯನ್ನು ಸೇರಿಸುವ ಮುನ್ನ ಬೇರೆಯವರ ಹೊದಿಕೆ ಸರಿಸುವುದು ಸಭ್ಯತೆಯಲ್ಲ, ಚಾರ್ಟ್ ಕೇಳಬಹುದು. ಸೇರಿಸಿದ ಮೇಲೆ ಪ್ರತಿ ಭೇಟಿಯಲ್ಲೂ ಕಾಲುಚೀಲ ಬಿಚ್ಚಿ ನೋಡುವುದು ಮನೆಯವರ ಹಕ್ಕು. ಬೇಡ ಎನ್ನುವ ಜಾಗದಲ್ಲಿ ಬಿಡಬೇಡಿ.

ಊಟದ ಪ್ರಶ್ನೆ ಬಾಯಿರುಚಿಯದಷ್ಟೇ ಅಲ್ಲ. ಈ ಕಡೆಯ ಹಿರಿಯರಿಗೆ ರಾಗಿ ಮುದ್ದೆ ಇಲ್ಲದ ಊಟ ಊಟವೇ ಅಲ್ಲ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಲಕ್ವ ಹೊಡೆದು ಗಂಟಲು ದುರ್ಬಲವಾದವರಿಗೆ ಅದೇ ತುತ್ತು ಸಿಕ್ಕಿಕೊಳ್ಳಬಹುದು. ನೀರಿನಂಥ ತೆಳು ಅಂಬಲಿಯೂ ಶ್ವಾಸನಾಳಕ್ಕೆ ಜಾರಬಹುದು. ಅಂಥವರಿಗೆ ವೈದ್ಯರು ಹೇಳಿದ ಹದದ ರಾಗಿ ಗಂಜಿ, ಬೆನ್ನು ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಹೀಗೆ ಕೂತು ಉಣಿಸಲು ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಹತ್ತು ಜನರಿಗೆ ಒಬ್ಬರೇ ಉಣಿಸುತ್ತಿದ್ದರೆ ಲೆಕ್ಕ ನೀವೇ ಹಾಕಿ. ತಿಂಗಳಿಗೊಮ್ಮೆ ತೂಕ ನೋಡುತ್ತಾರೆಯೇ ಎಂದೂ ಕೇಳಿ. ಒಂದು ತಿಂಗಳಲ್ಲಿ ತೂಕ ಶೇ 5ಕ್ಕಿಂತ ಹೆಚ್ಚು ಇಳಿದರೆ, ಅಂದರೆ 50 ಕೆ.ಜಿ.ಯವರು 47ಕ್ಕೆ ಬಂದರೆ, ವೈದ್ಯರನ್ನು ಕರೆಸಬೇಕಾದ ಹೊತ್ತು ಅದು.

ಭಾಷೆಯನ್ನು ಮರೆಯಬೇಡಿ. ಆಂಧ್ರದ ಗಡಿಗೆ ಅಂಟಿಕೊಂಡ ಈ ಹೋಬಳಿಯ ಎಷ್ಟೋ ಮನೆಗಳಲ್ಲಿ ಕನ್ನಡ ತೆಲುಗು ಒಂದೇ ವಾಕ್ಯದಲ್ಲಿ ಕಲೆತಿರುತ್ತವೆ. ನೋವು, ಭಯ, ಗೊಂದಲ ಹೆಚ್ಚಾದಂತೆ ಮನುಷ್ಯ ಮೊದಲು ಕಲಿತ ನುಡಿಗೆ ಮರಳುತ್ತಾನೆ. ಬೆಂಗಳೂರಿನ ಕೇರ್ ಹೋಂಗಳಲ್ಲಿ ದೂರದ ರಾಜ್ಯಗಳಿಂದ ಬಂದ ಯುವಕ ಯುವತಿಯರು ಶ್ರದ್ಧೆಯಿಂದ ದುಡಿಯುತ್ತಾರೆ, ನಿಜ. ಆದರೆ ಅಜ್ಜಿ "ನೊಪ್ಪಿ" ಎಂದಾಗ ಅದು ನೋವು ಎಂದು ತಿಳಿಯುವವರೊಬ್ಬರು ಪ್ರತಿ ಪಾಳಿಯಲ್ಲೂ ಇರಬೇಕು.

ದುಡ್ಡಿನ ವಿಚಾರಕ್ಕೆ ನಾಚಿಕೆ ಬೇಡ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಖಾಸಗಿ ಹೋಂಗಳ ಡೈಪರ್ ಖರ್ಚಿಗೂ ಅದು ಸಾಲದು. ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ, ಡೈಪರ್, ಔಷಧ, ಫಿಸಿಯೋಥೆರಪಿ, ವೈದ್ಯರ ಭೇಟಿ ಬೇರೆಯೋ? ಠೇವಣಿ ಎಷ್ಟು ದಿನದಲ್ಲಿ ವಾಪಸ್? ರಾತ್ರಿ ಏನಾದರೂ ಆದರೆ ಯಾವ ಆಸ್ಪತ್ರೆಗೆ, ಯಾರ ಖರ್ಚಿನಲ್ಲಿ? ಇವೆಲ್ಲ ಕನ್ನಡದಲ್ಲಿ ಬರೆದ ಒಪ್ಪಂದದಲ್ಲಿರಲಿ. ಆಸ್ತಿಪತ್ರ, ಎಟಿಎಂ ಕಾರ್ಡು, ಖಾಲಿ ಕಾಗದದ ಸಹಿ ಕೇಳುವವರ ಮುಂದೆ ಕಾಫಿ ಕೂಡ ಕುಡಿಯಬೇಡಿ.

ಮೋಸ ಕಂಡರೆ ದಾರಿಗಳಿವೆ. ಕೆಪಿಎಂಇ ನೋಂದಣಿಯ ಸಂಸ್ಥೆಯಾದರೆ ಕೋಲಾರದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಮೂಲಕ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಹಿರಿಯರ ಸಹಾಯವಾಣಿ 14567. ಇನ್ನು, ಖರ್ಚು ಹಂಚಿಕೊಳ್ಳಲು ಮಕ್ಕಳಲ್ಲೊಬ್ಬರು ಕೈಕೊಟ್ಟರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಲ್ಲದು. ಅರ್ಜಿ ಹಾಕಬೇಕಾದವರು ಅಜ್ಜಿ, ಅಥವಾ ಅವರು ಒಪ್ಪಿಗೆ ಕೊಟ್ಟವರು.

ಎಲ್ಲರಿಗೂ ಒಂದೇ ಬಗೆಯ ಜಾಗ ಹೊಂದುವುದಿಲ್ಲ. ಗುಣವಾಗದ ಕ್ಯಾನ್ಸರ್ ಇದ್ದವರಿಗೆ ಬೆಂಗಳೂರಿನ ಕರುಣಾಶ್ರಯ ಕೊನೆಯ ದಿನಗಳ ಆರೈಕೆಯನ್ನು ಉಚಿತವಾಗಿ ಕೊಡುತ್ತದೆ. ಮರೆವಿನ ಕಾಯಿಲೆಯವರಿಗೆಂದೇ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಸ್ತೂರಿ ನಗರದಲ್ಲಿ ಕೇಂದ್ರ ನಡೆಸುತ್ತಿದೆ. ಸೊಂಟ ಮುರಿದ ಅಜ್ಜಿಗೆ ಬೇಕಾದದ್ದು ಇವೆರಡೂ ಅಲ್ಲ, ದಿನಾ ನಡೆಸುವ ಫಿಸಿಯೋಥೆರಪಿಸ್ಟ್. ಅದು ಮನೆಗೇ ಬಂದು ಸಿಗುವಂತಿದ್ದು, ಬಚ್ಚಲಿಗೊಂದು ಹಿಡಿಕೆ, ಒಂದು ಕಮೋಡ್ ಕುರ್ಚಿ ಹಾಕಿಸಲು ಸಾಧ್ಯವಾದರೆ ಹೋಂ ಹುಡುಕುವ ಕೆಲಸವೇ ತಪ್ಪೀತು.

ಹುಡುಕಲೇಬೇಕಾಗಿ ಬಂದು, ಸೇರಿಸಿಯೂ ಆಯಿತು ಎನ್ನಿ. ಭಾನುವಾರ ಬಸ್ ಹತ್ತುವ ಮಗಳ ಚೀಲದಲ್ಲಿ ಹಣ್ಣಿನ ಜೊತೆ ಇನ್ನೂ ಮೂರು ಸಾಮಾನು: ಉಗುರು ಕತ್ತರಿ, ಕೊಬ್ಬರಿ ಎಣ್ಣೆ, ಒಂದು ನೂರು ಪುಟದ ನೋಟ್‌ಬುಕ್. ಎಣ್ಣೆ ಕೈಯಲ್ಲಿ ಪಾದ ಸವರುವಾಗ ಹಿಮ್ಮಡಿ ತಾನಾಗಿ ಕಣ್ಣಿಗೆ ಬೀಳುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಖು, ತೂಕ, ಎಷ್ಟು ಹೆಜ್ಜೆ ನಡೆದರು, ಆ ಹೊತ್ತು ಡ್ಯೂಟಿಯಲ್ಲಿದ್ದ ನರ್ಸ್ ಹೆಸರು.