ಇಂಗ್ಲಿಷಿನ ಫ್ರೇಸಲ್ ಕ್ರಿಯಾಪದಗಳು ಮತ್ತು ಪ್ರಿಪೋಸಿಷನ್ ಪದಪುಂಜಗಳು: ಪ್ರಯೋಗದ ನೆಲೆಯಲ್ಲಿ ಒಂದು ವಿಶ್ಲೇಷಣೆ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವವರನ್ನು ಹೆಚ್ಚಾಗಿ ಕಾಡುವುದು ಕಠಿಣವಾದ ಪಾರಿಭಾಷಿಕ ಪದಗಳಲ್ಲ. ಅವುಗಳಿಗೆ ನಿಘಂಟಿನ ನೆರವು ದೊರೆಯುತ್ತದೆ. ‘ಪುಟ್’, ‘ಗೆಟ್’, ‘ಕಮ್’, ‘ರನ್’ ಮೊದಲಾದ ಚಿಕ್ಕ ಕ್ರಿಯಾಪದಗಳೊಡನೆ ‘ಅಪ್’, ‘ಔಟ್’, ‘ಡೌನ್’ ಎಂಬಂಥ ಕಿರುಪದಗಳು ಸೇರಿ, ಅವುಗಳ ಬೆನ್ನಿಗೇ ‘ವಿತ್’, ‘ಆಫ್’, ‘ಟು’ ಎಂಬ ಮತ್ತೊಂದು ಕಿರುಪದ ಬಂದಾಗ ನಿಜವಾದ ತೊಡಕು ಎದುರಾಗುತ್ತದೆ. ‘ಹಿ ಪುಟ್ ಅಪ್ ವಿತ್ ಹಿಸ್ ಅಂಕಲ್’ ಎಂಬ ವಾಕ್ಯವನ್ನು ಉದಾಹರಣೆಗೆ ನೋಡಬಹುದು. ‘ಅವನು ಚಿಕ್ಕಪ್ಪನನ್ನು ಸಹಿಸಿಕೊಂಡನು’ ಎಂಬುದು ಇದರ ಒಂದು ಅರ್ಥ. ‘ಅವನು ಚಿಕ್ಕಪ್ಪನ ಮನೆಯಲ್ಲಿ ತಂಗಿದನು’ ಎಂಬುದು ಇನ್ನೊಂದು. ಎರಡರಲ್ಲಿಯೂ ಪದಗಳು ಅವೇ, ಅನುಕ್ರಮವೂ ಅದೇ. ಬೇರೆಯಾಗಿರುವುದು ‘ಪುಟ್ ಅಪ್’ ಮತ್ತು ‘ವಿತ್ ಹಿಸ್ ಅಂಕಲ್’ ಎಂಬ ಎರಡು ಘಟಕಗಳ ನಡುವಿನ ಸಂಬಂಧ. ಆ ಸಂಬಂಧದ ಸ್ವರೂಪವನ್ನೂ ಕನ್ನಡದ ವಾಕ್ಯರಚನೆಗೆ ಅದು ಒಡ್ಡುವ ಪ್ರಶ್ನೆಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ತೊಡಕು ಹೊಸದಾಗಿ ಕಂಡುಬಂದದ್ದಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ, ಕ್ರಿಯಾಪದಕ್ಕೆ ಕಿರುಪದವನ್ನು ಹಚ್ಚಿ ಅರ್ಥವನ್ನು ಮಾರ್ಪಡಿಸುವ ಈ ಪದ್ಧತಿ ಪರಭಾಷಿಕರಿಗೆ ಅತ್ಯಂತ ಕಷ್ಟವನ್ನು ಕೊಡುತ್ತದೆ ಎಂಬುದನ್ನು ಗುರುತಿಸಿದ್ದನು. ‘ಫ್ರೇಸಲ್ ವರ್ಬ್’ ಎಂಬ ಹೆಸರು 1925ರಲ್ಲಿ ಪ್ರಕಟವಾದ ಲೋಗನ್ ಪಿಯರ್ಸಲ್ ಸ್ಮಿತ್‌ನ ಗ್ರಂಥದ ಮೂಲಕ ಬಳಕೆಗೆ ಬಂದಿತು. ಕ್ವರ್ಕ್, ಗ್ರೀನ್‌ಬಾಮ್, ಲೀಚ್ ಮತ್ತು ಸ್ವಾರ್ಟ್‌ವಿಕ್ ಅವರು 1985ರಲ್ಲಿ ಹೊರತಂದ ಬೃಹತ್ ವ್ಯಾಕರಣವು ‘ಪುಟ್ ಅಪ್ ವಿತ್’ ಮಾದರಿಯ ಮೂರು ಪದಗಳ ರಚನೆಯನ್ನು ‘ಫ್ರೇಸಲ್-ಪ್ರಿಪೋಸಿಷನಲ್ ವರ್ಬ್’ ಎಂಬ ಪ್ರತ್ಯೇಕ ವರ್ಗವಾಗಿ ವಿವರಿಸಿತು.

1. ಪಾರ್ಟಿಕಲ್ ಮತ್ತು ಪ್ರಿಪೋಸಿಷನ್

ಒಂದೇ ಕಿರುಪದ ಒಂದೆಡೆ ಕ್ರಿಯಾಪದದ ಅಂಗವಾಗಿ, ಇನ್ನೊಂದೆಡೆ ನಾಮಪದದ ಸಂಗಾತಿಯಾಗಿ ಕೆಲಸ ಮಾಡುತ್ತದೆ. ಮೊದಲನೆಯದನ್ನು ಪಾರ್ಟಿಕಲ್ ಎಂದೂ ಎರಡನೆಯದನ್ನು ಪ್ರಿಪೋಸಿಷನ್ ಎಂದೂ ಕರೆಯಲಾಗುತ್ತದೆ. ‘ಷಿ ರ‍್ಯಾನ್ ಅಪ್ ಎ ಹಿಲ್’ ಎಂಬಲ್ಲಿ ‘ಅಪ್’ ಎಂಬುದು ‘ಎ ಹಿಲ್’ ಜೊತೆ ಸೇರಿ ‘ಗುಡ್ಡದ ಮೇಲಕ್ಕೆ’ ಎಂಬ ಪದಪುಂಜವಾಗುತ್ತದೆ. ‘ಷಿ ರ‍್ಯಾನ್ ಅಪ್ ಎ ಬಿಲ್’ ಎಂಬಲ್ಲಾದರೋ ‘ರನ್ ಅಪ್’ ಎಂಬುದೇ ಒಂದು ಕ್ರಿಯೆ. ‘ಬಾಕಿಯನ್ನು ಬೆಳೆಸಿದಳು’ ಎಂಬುದು ಅದರ ಅರ್ಥ. ನಾಮಪದದ ಬದಲು ‘ಇಟ್’ ಎಂಬ ಸರ್ವನಾಮವನ್ನು ಇಟ್ಟಾಗ ಈ ಭೇದ ಸ್ಪಷ್ಟವಾಗುತ್ತದೆ. ಗುಡ್ಡದ ವಿಷಯದಲ್ಲಿ ‘ರ‍್ಯಾನ್ ಅಪ್ ಇಟ್’ ಎಂದೂ, ಬಾಕಿಯ ವಿಷಯದಲ್ಲಿ ‘ರ‍್ಯಾನ್ ಇಟ್ ಅಪ್’ ಎಂದೂ ಆಗುತ್ತದೆ. ಪಾರ್ಟಿಕಲ್ಲಿಗೆ ಸರ್ವನಾಮದ ಆಚೆಗೆ ಸರಿಯುವ ಸ್ವಾತಂತ್ರ್ಯವಿದೆ, ಪ್ರಿಪೋಸಿಷನ್ನಿಗೆ ಇಲ್ಲ.

2. ಮೂರು ಬಗೆಯ ಸಂಬಂಧಗಳು

ಕ್ರಿಯಾಪದ, ಪಾರ್ಟಿಕಲ್ ಮತ್ತು ಪ್ರಿಪೋಸಿಷನ್ ಪದಪುಂಜ ಒಂದರ ಹಿಂದೊಂದು ಬಂದ ಮಾತ್ರಕ್ಕೆ ಅವುಗಳ ಬಂಧ ಒಂದೇ ಬಗೆಯದಾಗುವುದಿಲ್ಲ. ಪ್ರಯೋಗಗಳನ್ನು ಪರಿಶೀಲಿಸಿದರೆ ಮುಖ್ಯವಾಗಿ ಮೂರು ನೆಲೆಗಳನ್ನು ಗುರುತಿಸಬಹುದು.

ಮೊದಲನೆಯದು ಸಡಿಲ ಸಂಬಂಧ. ‘ದೇ ಸ್ಯಾಟ್ ಡೌನ್ ಅಟ್ ದ ಟೇಬಲ್’, ‘ಷಿ ವೋಕ್ ಅಪ್ ಅಟ್ ಫೈವ್’ ಎಂಬ ವಾಕ್ಯಗಳಲ್ಲಿ ಪದಪುಂಜವು ಸ್ಥಳವನ್ನೋ ಕಾಲವನ್ನೋ ತಿಳಿಸುವ ವಿಶೇಷಣ ಮಾತ್ರ. ಅದನ್ನು ಬಿಟ್ಟರೂ ಕ್ರಿಯೆಯ ಅರ್ಥಕ್ಕೆ ಭಂಗವಿಲ್ಲ. ‘ಅಟ್ ದ ಟೇಬಲ್’ ಬದಲು ‘ಆನ್ ದ ಫ್ಲೋರ್’, ‘ಬೈ ದ ವಿಂಡೋ’ ಎಂದು ಯಾವ ಪ್ರಿಪೋಸಿಷನ್ನನ್ನಾದರೂ ತರಬಹುದು. ಇಲ್ಲಿ ಸಹಜವಾಗಿ ಹುಟ್ಟುವ ಪ್ರಶ್ನೆ ‘ಎಲ್ಲಿ?’, ‘ಯಾವಾಗ?’ ಎಂಬುದು.

ಎರಡನೆಯದು ಆಯ್ಕೆಯ ಸಂಬಂಧ. ‘ಕ್ಯಾಚ್ ಅಪ್ ವಿತ್’, ‘ಕಟ್ ಡೌನ್ ಆನ್’, ‘ರನ್ ಔಟ್ ಆಫ್’ ಈ ಗುಂಪಿಗೆ ಸೇರುತ್ತವೆ. ‘ದ ಶುಗರ್ ಹ್ಯಾಸ್ ರನ್ ಔಟ್’ ಎಂದು ಪದಪುಂಜವಿಲ್ಲದೆಯೂ ಹೇಳಬಹುದು. ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’ ಎಂದೂ ಹೇಳಬಹುದು. ಆದರೆ ಪದಪುಂಜ ಬರುವುದಾದರೆ ಯಾವ ಪ್ರಿಪೋಸಿಷನ್ ಬರಬೇಕೆಂಬುದನ್ನು ಕ್ರಿಯೆಯೇ ನಿರ್ಧರಿಸುತ್ತದೆ. ‘ರನ್ ಔಟ್’ ಈ ಅರ್ಥದಲ್ಲಿ ‘ಆಫ್’ ಅನ್ನು ಮಾತ್ರ ಒಪ್ಪುತ್ತದೆ. ಇಲ್ಲಿನ ಪ್ರಶ್ನೆ ‘ಎಲ್ಲಿ?’ ಎಂಬುದಲ್ಲ, ‘ಯಾವುದು?’ ಎಂಬುದು, ಪ್ರಶ್ನೆಯ ಕೊನೆಯಲ್ಲಿ ಪ್ರಿಪೋಸಿಷನ್ ಉಳಿದೇ ಇರುತ್ತದೆ: ‘ವಾಟ್ ಹ್ಯಾವ್ ಯು ರನ್ ಔಟ್ ಆಫ್?’

ಮೂರನೆಯದು ಬೆಸೆದ ಸಂಬಂಧ. ‘ಪುಟ್ ಅಪ್ ವಿತ್’, ‘ಲುಕ್ ಡೌನ್ ಆನ್’, ‘ಡು ಅವೇ ವಿತ್’, ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ ಕೊನೆಯ ಪದವನ್ನು ತೆಗೆದರೆ ಅರ್ಥವೇ ಕಳಚಿ ಬೀಳುತ್ತದೆ. ಪ್ರಿಪೋಸಿಷನ್ನನ್ನು ಬದಲಿಸಿದರೂ ಹಾಗೆಯೇ. ‘ಲುಕ್ ಅಪ್ ಅಟ್’ ಎಂದರೆ ತಲೆಯೆತ್ತಿ ನೋಡುವುದು. ‘ಲುಕ್ ಅಪ್ ಟು’ ಎಂದರೆ ಗೌರವಭಾವದಿಂದ ಕಾಣುವುದು. ಈ ಗುಂಪಿನ ಹಲವು ಕ್ರಿಯೆಗಳು ಒಂದೇ ಸಕರ್ಮಕ ಕ್ರಿಯಾಪದದಂತೆ ಕರ್ಮಣಿ ಪ್ರಯೋಗಕ್ಕೂ ಒಗ್ಗುತ್ತವೆ. ‘ಹಿ ವಾಸ್ ಲುಕ್ಡ್ ಡೌನ್ ಆನ್’ ಎಂಬುದು ಸಹಜವಾದ ಇಂಗ್ಲಿಷ್. ‘ದ ಟೇಬಲ್ ವಾಸ್ ಸ್ಯಾಟ್ ಡೌನ್ ಅಟ್’ ಎಂಬುದು ಹಾಗಲ್ಲ.

ಅರ್ಥದಲ್ಲಿ ಬೆಸೆದುಕೊಂಡಿದ್ದರೂ ರಚನೆಯಲ್ಲಿ ಪದಪುಂಜದ ಗಡಿ ಪೂರ್ತಿಯಾಗಿ ಅಳಿದಿರುವುದಿಲ್ಲ ಎಂಬುದು ಗಮನಾರ್ಹ. ‘ಗೆಟ್ ಆನ್ ವಿತ್’ ಎಂದರೆ ಒಬ್ಬರೊಡನೆ ಹೊಂದಿಕೊಂಡಿರುವುದು. ಇದರ ನಡುವೆ ‘ವೆಲ್’ ಎಂಬ ಅವ್ಯಯ ಬಂದು ‘ಗೆಟ್ ಆನ್ ವೆಲ್ ವಿತ್’ ಎಂದಾಗುತ್ತದೆ. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿಯ ‘ಟು’ ಕೂಡ ಪ್ರಿಪೋಸಿಷನ್ನೇ ಆದುದರಿಂದ ಅದರ ನಂತರ ‘ಮೀಟಿಂಗ್’ ಎಂಬ ನಾಮರೂಪ ಬರಬೇಕೇ ಹೊರತು ‘ಮೀಟ್’ ಎಂಬ ಮೂಲರೂಪವಲ್ಲ. ಈ ‘ಟು’ವನ್ನು ಕ್ರಿಯಾಪದದ ಹಿಂದೆ ಬರುವ ‘ಟು’ ಎಂದು ಭಾವಿಸುವುದರಿಂದಲೇ ಇಲ್ಲಿ ತಪ್ಪುಗಳು ನುಸುಳುತ್ತವೆ.

3. ಕನ್ನಡದ ನೆಲೆಯಿಂದ

ಕನ್ನಡದಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಸಾಧನಗಳಿಂದ ನಡೆಯುತ್ತವೆ. ಪ್ರಿಪೋಸಿಷನ್ನಿನ ಕೆಲಸವನ್ನು ‘ಅನ್ನು’, ‘ಇಂದ’, ‘ಗೆ’, ‘ಅಲ್ಲಿ’ ಎಂಬ ವಿಭಕ್ತಿ ಪ್ರತ್ಯಯಗಳೂ ‘ಮೇಲೆ’, ‘ಒಳಗೆ’, ‘ಜೊತೆ’ ಎಂಬ ಪದಗಳೂ ನಿರ್ವಹಿಸುತ್ತವೆ. ಪಾರ್ಟಿಕಲ್ಲಿನ ಕೆಲಸದ ಒಂದು ಭಾಗವನ್ನು ‘ಬಿಡು’, ‘ಹಾಕು’, ‘ಕೊಳ್ಳು’, ‘ಹೋಗು’ ಮೊದಲಾದ ಸಹಾಯಕ ಕ್ರಿಯೆಗಳು ವಹಿಸಿಕೊಳ್ಳುತ್ತವೆ. ‘ಈಟ್ ಅಪ್’ ಎಂಬುದರ ಪೂರ್ಣತೆಯ ಅರ್ಥ ‘ತಿಂದುಬಿಡು’, ‘ತಿಂದುಹಾಕು’ ಎಂಬಲ್ಲಿ ಹತ್ತಿರವಾಗಿ ಬರುತ್ತದೆ.

ಈ ಹೋಲಿಕೆ ಸಡಿಲ ಸಂಬಂಧದ ವಾಕ್ಯಗಳಲ್ಲಿ ಚೆನ್ನಾಗಿ ನಿಲ್ಲುತ್ತದೆ. ಬಂಧ ಬಿಗಿಯಾದಂತೆ ಅದು ಕುಸಿಯುತ್ತದೆ. ‘ಹಿ ರ‍್ಯಾನ್ ಔಟ್ ಆಫ್ ದ ಹೌಸ್’ ಎಂಬುದು ‘ಅವನು ಮನೆಯಿಂದ ಓಡಿಹೋದನು’ ಎಂದು ಅಂಗಾಂಗವಾಗಿ ಕನ್ನಡಕ್ಕೆ ಬರುತ್ತದೆ. ‘ಔಟ್ ಆಫ್’ ಇಲ್ಲಿ ‘ಇಂದ’ ಪ್ರತ್ಯಯವಾಗಿದೆ. ಆದರೆ ‘ವಿ ರ‍್ಯಾನ್ ಔಟ್ ಆಫ್ ಶುಗರ್’ ಎಂಬುದು ‘ನಮ್ಮ ಮನೆಯಲ್ಲಿ ಸಕ್ಕರೆ ಮುಗಿಯಿತು’ ಎಂದಾಗಬೇಕು. ಇಂಗ್ಲಿಷಿನಲ್ಲಿ ಪದಪುಂಜದೊಳಗಿದ್ದ ಸಕ್ಕರೆ ಕನ್ನಡದಲ್ಲಿ ಕರ್ತೃಪದವಾಗುತ್ತದೆ. ಇಂಗ್ಲಿಷಿನ ಕರ್ತೃಪದ ಕನ್ನಡದಲ್ಲಿ ಷಷ್ಠಿಗೆ ಸರಿಯುತ್ತದೆ. ‘ವಿ ರ‍್ಯಾನ್ ಔಟ್ ಆಫ್ ಟೈಮ್’ ಎಂಬುದು ‘ನಮಗೆ ಸಮಯ ಸಾಲದಾಯಿತು’ ಎಂದಾದಾಗ ಅದೇ ಕರ್ತೃಪದ ಚತುರ್ಥಿಯನ್ನು ಪಡೆಯುತ್ತದೆ.

ಬೆಸೆದ ಗುಂಪಿನಲ್ಲಿ ಪ್ರಿಪೋಸಿಷನ್ನಿನ ಮೂಲಾರ್ಥ ಕನ್ನಡದಲ್ಲಿ ಕುರುಹೂ ಉಳಿಯದಂತೆ ಮರೆಯಾಗುತ್ತದೆ. ‘ಪುಟ್ ಅಪ್ ವಿತ್’ ಎಂಬುದರ ‘ವಿತ್’, ‘ಲುಕ್ ಡೌನ್ ಆನ್’ ಎಂಬುದರ ‘ಆನ್’, ‘ಲುಕ್ ಅಪ್ ಟು’ ಎಂಬುದರ ‘ಟು’ ಇವು ಮೂರೂ ‘ಸಹಿಸಿಕೊಳ್ಳು’, ‘ಕೀಳಾಗಿ ಕಾಣು’, ‘ಗೌರವಿಸು’ ಎಂಬ ಕ್ರಿಯೆಗಳೊಡನೆ ದ್ವಿತೀಯಾ ವಿಭಕ್ತಿಯಾಗುತ್ತವೆ. ಕೆಲವೊಮ್ಮೆ ವಿಭಕ್ತಿಯೂ ಸಾಲದೆ ಒಂದು ಇಡೀ ಉಪವಾಕ್ಯವೇ ಬೇಕಾಗುತ್ತದೆ. ‘ಹಿ ಗಾಟ್ ಅವೇ ವಿತ್ ದ ಫ್ರಾಡ್’ ಎಂಬುದನ್ನು ‘ಅವನು ವಂಚನೆ ಮಾಡಿಯೂ ಶಿಕ್ಷೆಯಿಲ್ಲದೆ ಪಾರಾದನು’ ಎಂದೇ ಹೇಳಬೇಕು. ‘ವಿತ್’ ಎಂಬ ಒಂದು ಪದದಲ್ಲಿ ಅಡಗಿದ್ದ ಕಾರ್ಯವನ್ನು ಕನ್ನಡ ‘ಮಾಡಿಯೂ’ ಎಂಬ ರೂಪದಿಂದ ಬಿಡಿಸಿ ಹೇಳುತ್ತದೆ.

4. ಬಳಕೆಯ ವ್ಯಾಪ್ತಿ

ಈ ರಚನೆಗಳ ಒಟ್ಟು ಸಂಖ್ಯೆ ಅಪಾರವೆಂದು ತೋರಿದರೂ ಬಳಕೆ ಕೆಲವು ಪದಗಳ ಸುತ್ತಲೇ ಸಾಂದ್ರವಾಗಿದೆ. ಹತ್ತು ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ಸನ್ನು ಆಧರಿಸಿ ಗಾರ್ಡ್ನರ್ ಮತ್ತು ಡೇವಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇವಲ 20 ಕ್ರಿಯಾಪದಗಳು 8 ಪಾರ್ಟಿಕಲ್‌ಗಳೊಡನೆ ಸೇರಿ ಆಗುವ ಜೋಡಿಗಳೇ ಫ್ರೇಸಲ್ ಕ್ರಿಯಾಪದಗಳ ಒಟ್ಟು ಪ್ರಯೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚಾಗಿವೆ. ಡಗ್ಲಸ್ ಬೈಬರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವ್ಯಾಕರಣವು, ಇವು ಸಂಭಾಷಣೆ ಹಾಗೂ ಕಥನ ಸಾಹಿತ್ಯದಲ್ಲಿ ಹೆಚ್ಚಾಗಿಯೂ ಶಾಸ್ತ್ರೀಯ ಗದ್ಯದಲ್ಲಿ ವಿರಳವಾಗಿಯೂ ಬರುತ್ತವೆ ಎಂಬುದನ್ನು ತೋರಿಸಿತು. ವಿಮರ್ಶೆಯ ಗ್ರಂಥಗಳ ಮೂಲಕ ಇಂಗ್ಲಿಷನ್ನು ರೂಢಿಸಿಕೊಂಡ ವಿದ್ವಾಂಸರಿಗೂ ಒಂದು ನಾಟಕದ ಸರಳ ಸಂಭಾಷಣೆ ತೊಡಕಾಗುವುದಕ್ಕೆ ಇದೂ ಒಂದು ಕಾರಣ.

ಮೂರು ಪದಗಳ ಈ ಅಚ್ಚು ಇಂದಿಗೂ ಜೀವಂತವಾಗಿದೆ ಎಂಬುದಕ್ಕೆ ಭಾರತೀಯ ಇಂಗ್ಲಿಷಿನಲ್ಲಿಯೇ ಸಾಕ್ಷ್ಯವಿದೆ. ಕರ್ನಾಟಕದ ಕಾಲೇಜುಗಳಲ್ಲಿಯೂ ಕೇಳಿಬರುವ ‘ಕೋಪ್ ಅಪ್ ವಿತ್’ ಎಂಬ ಪ್ರಯೋಗ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಕೋಪ್ ವಿತ್’ ಎಂದಷ್ಟೇ ಇದೆ. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ ಎಂಬವುಗಳ ಸಾದೃಶ್ಯದಿಂದ ‘ಅಪ್’ ಇಲ್ಲಿ ಸೇರಿಕೊಂಡಿರಬೇಕು. ಇದನ್ನು ಕೇವಲ ದೋಷವೆಂದು ತಿದ್ದುವುದರ ಜೊತೆಗೆ, ಕಲಿಯುವವರು ಈ ರಚನೆಯನ್ನು ಬಿಡಿ ಪದಗಳಾಗಿ ಅಲ್ಲ, ಒಂದು ಅಚ್ಚಾಗಿ ಗ್ರಹಿಸುತ್ತಾರೆ ಎಂಬುದರ ಸೂಚನೆಯಾಗಿಯೂ ಪರಿಗಣಿಸಬಹುದು.

5. ಉಪಸಂಹಾರ

ಮೇಲಿನ ವಿಶ್ಲೇಷಣೆಯಿಂದ ಇಂಗ್ಲಿಷ್-ಕನ್ನಡ ನಿಘಂಟು ರಚನೆಗೂ ಅನುವಾದದ ಬೋಧನೆಗೂ ಸಂಬಂಧಿಸಿದ ಒಂದು ಮಾತು ಸ್ಪಷ್ಟವಾಗುತ್ತದೆ. ‘ಪುಟ್ ಅಪ್’ ಎಂಬ ಉಲ್ಲೇಖಕ್ಕೆ ಅರ್ಥಗಳನ್ನು ಸಾಲಾಗಿ ಕೊಟ್ಟರೆ ಸಾಲದು. ಆಯಾ ಅರ್ಥದಲ್ಲಿ ಅದು ಯಾವ ಪ್ರಿಪೋಸಿಷನ್ನನ್ನು ಬೇಡುತ್ತದೆ, ಅದು ಐಚ್ಛಿಕವೋ ಅನಿವಾರ್ಯವೋ, ಅದಕ್ಕೆ ಸಂವಾದಿಯಾದ ಕನ್ನಡ ಕ್ರಿಯೆ ಯಾವ ವಿಭಕ್ತಿಯನ್ನು ತರುತ್ತದೆ ಎಂಬ ಮೂರು ಅಂಶಗಳೂ ದಾಖಲಾಗಬೇಕು. ಆಗ ಆರಂಭದಲ್ಲಿ ಉಲ್ಲೇಖಿಸಿದ ವಾಕ್ಯದ ಎರಡು ಅರ್ಥಗಳು ಎರಡು ಬೇರೆ ಉಲ್ಲೇಖಗಳಾಗಿ ನಿಲ್ಲುತ್ತವೆ: ‘ತಂಗು’ ಎಂಬ ಅರ್ಥದಲ್ಲಿ ‘ವಿತ್’ ಸಡಿಲ, ಕನ್ನಡದಲ್ಲಿ ಸಪ್ತಮಿ; ‘ಸಹಿಸಿಕೊಳ್ಳು’ ಎಂಬ ಅರ್ಥದಲ್ಲಿ ‘ವಿತ್’ ಅನಿವಾರ್ಯ, ಕನ್ನಡದಲ್ಲಿ ದ್ವಿತೀಯಾ. ಕನ್ನಡವನ್ನು ಕನ್ನಡದ್ದೇ ವ್ಯಾಕರಣದಿಂದ ನೋಡಬೇಕೆಂಬ ಡಿ.ಎನ್. ಶಂಕರ ಭಟ್ಟರ ವಾದ ವಿದ್ವದ್ವಲಯಕ್ಕೆ ಪರಿಚಿತವಾದುದು. ಇಂಗ್ಲಿಷಿನ ಕಿರುಪದಗಳನ್ನೂ ಕನ್ನಡದ ವಿಭಕ್ತಿಗಳ ಅಚ್ಚಿಗೆ ಒತ್ತಾಯದಿಂದ ಹೊಂದಿಸದೆ, ಅವುಗಳದ್ದೇ ಬಳಕೆಯಿಂದ ಅರಿತಾಗ ಮಾತ್ರ ಅನುವಾದಿತ ವಾಕ್ಯ ಸಹಜವಾದ ಕನ್ನಡವಾಗಿ ನಿಲ್ಲುತ್ತದೆ.