ಎರಡು ಕಲ್ಲು, ಒಂದು ಪೈಪು ಮತ್ತು ಗೋಲ್ಕೊಂಡದ ನೀರು

ಡಿಸೆಂಬರ್ ಬಂತೆಂದರೆ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಶಾಲೆಗಳ ಬಸ್ಸುಗಳು ಹೈದರಾಬಾದಿನತ್ತ ಹೊರಡುತ್ತವೆ. ಬೀದರಿನವರಿಗೆ ಬೆಂಗಳೂರೆಂದರೆ ಒಂದಿಡೀ ರಾತ್ರಿಯ ದಾರಿ. ಹೈದರಾಬಾದ್ ಸುಮಾರು 140 ಕಿಲೋಮೀಟರ್. 1956ರವರೆಗೆ ಈ ಜಿಲ್ಲೆಗಳಿಗೆ ರಾಜಧಾನಿಯೂ ಅದೇ ಆಗಿತ್ತು. ನಸುಕಿಗೆ ಬಿಟ್ಟು ಚಾರ್‌ಮಿನಾರ್, ಸಾಲಾರ್‌ಜಂಗ್, ಮೃಗಾಲಯ, ಬಿರ್ಲಾ ಮಂದಿರ, ಗೋಲ್ಕೊಂಡ ಎಲ್ಲವನ್ನೂ ಒಂದೇ ಹಗಲಿನಲ್ಲಿ ಮುಗಿಸಿ ಸರಿರಾತ್ರಿಗೆ ಮರಳುವ ಪ್ರವಾಸ ನಮಗೆಲ್ಲ ಗೊತ್ತು. ನಾಲ್ಕನೇ, ಐದನೇ ತರಗತಿಯ ಮಕ್ಕಳಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ಆ ವಯಸ್ಸಿನವರು ಮುಟ್ಟಿ, ನೀರು ಸುರಿದು, ಕೆರೆದು, ಮತ್ತೆ ಮತ್ತೆ ನೋಡಿ ಕಲಿಯುವವರು. ಅದಕ್ಕೆ ಒಂದೇ ಜಾಗದಲ್ಲಿ ಎರಡು ಮೂರು ಗಂಟೆ ಬೇಕು. ಜಾಗಗಳ ಪಟ್ಟಿಗಿಂತ ಮೊದಲು ಒಂದು ಪ್ರಶ್ನೆ ಬೇಕು, ಅದು ಮಕ್ಕಳ ಊರಿನಿಂದಲೇ ಹೊರಡಬೇಕು.

ಬೀದರಿನ ಮಕ್ಕಳಿಗೆ ಇಂಥ ಪ್ರಶ್ನೆ ಕಾಲಡಿಯಲ್ಲೇ ಇದೆ. ನೌಬಾದಿನ ಸುರಂಗಬಾವಿ ಬಹಮನಿ ಕಾಲದ ಕರೇಜ್. ಪರ್ಷಿಯಾದಿಂದ ಬಂದ ಈ ವಿದ್ಯೆಯಲ್ಲಿ ನೆಲದೊಳಗೆ ಇಳಿಜಾರಾಗಿ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಗಾಳಿಕಿಂಡಿಗಳನ್ನು ಬಿಟ್ಟು ನೀರನ್ನು ತಾನಾಗಿಯೇ ಹರಿಯುವಂತೆ ಮಾಡುತ್ತಾರೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ತೂತುಗಳೇ ತೂತುಗಳು. ಮಳೆ ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಕಪ್ಪುಶಿಲೆ ತಡೆದಲ್ಲಿ ನಿಲ್ಲುತ್ತದೆ. ಗೋಲ್ಕೊಂಡದ ಗುಡ್ಡವಾದರೋ ಗಟ್ಟಿ ಗ್ರಾನೈಟು. ಬೀದರಿನಲ್ಲಿ ನೀರು ನೆಲದೊಳಗಿಂದ ಬಂತು, ಗೋಲ್ಕೊಂಡದ ಗುಡ್ಡದ ಮೇಲೆ ಹೇಗೆ ಏರಿತು? ಒಂದು ದಿನದ ಪ್ರವಾಸಕ್ಕೆ ಇದಿಷ್ಟು ಸಾಕು.

ಕೆಲಸ ಹೊರಡುವ ಒಂದು ವಾರ ಮೊದಲೇ ಶುರುವಾಗುತ್ತದೆ. ಮುಷ್ಟಿಗಾತ್ರದ ಜಂಬಿಟ್ಟಿಗೆ ಚೂರೊಂದು, ಗ್ರಾನೈಟು ಚೂರೊಂದು ಇರಲಿ. ಎರಡನೆಯದು ಪಾಲಿಶ್ ಮಾಡುವವರ ಅಂಗಡಿಯ ಹಿಂದೆ ಸಿಗುತ್ತದೆ. ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಒರೆಸಿ ಮತ್ತೆ ತೂಗಬೇಕು. ಕೆಂಪು ಕಲ್ಲು ನೀರಿಗೆ ಬಿದ್ದ ಕೂಡಲೇ ಗುಳ್ಳೆ ಬಿಡುತ್ತದೆ, ಮರುದಿನ ಅದರ ತೂಕ ಹೆಚ್ಚಿರುತ್ತದೆ. ಗ್ರಾನೈಟಿನ ತೂಕ ಶಾಲೆಯ ತಕ್ಕಡಿಗೆ ಬದಲಾದಂತೆ ಕಾಣುವುದೇ ಇಲ್ಲ. ಇಷ್ಟನ್ನು ಸ್ವತಃ ಮಾಡಿದ ಮಗು ಕೋಟೆಯ ಗೋಡೆಯನ್ನು ನೋಡುವ ರೀತಿಯೇ ಬೇರೆ.

ಬಸ್ಸಿನ ಕಿಟಕಿಯೂ ಪಾಠವೇ. ಬೀದರ್ ಬಿಟ್ಟರೆ ಮೊದಲು ಕೆಂಪು ನೆಲ, ಇಳಿಜಾರು ಇಳಿದಂತೆ ಕಪ್ಪು ಎರೆಭೂಮಿ, ಸಂಗಾರೆಡ್ಡಿ ದಾಟಿ ಪಟಾನ್‌ಚೆರು ಕಡೆ ಬರುವಾಗ ಹೊಲದ ನಡುವೆ ದುಂಡು ದುಂಡು ಬಂಡೆಗಳು. ಎರೆಭೂಮಿಯ ತಾಯಿಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ. ಹೈದರಾಬಾದಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. 1972ರಲ್ಲಿ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರದ ಜಮೀನಿನಲ್ಲಿ ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಇವೆ. ಮಣ್ಣಿನ ಬಣ್ಣ ಬದಲಾದಾಗಲೆಲ್ಲ ಮಕ್ಕಳು ಊರಿನ ಹೆಸರನ್ನೂ ಗಂಟೆಯನ್ನೂ ಪುಸ್ತಕದಲ್ಲಿ ಬರೆಯಲಿ. ಹಾಡು, ಅಂತ್ಯಾಕ್ಷರಿ ಮರಳುವಾಗ ಇದ್ದೇ ಇದೆ.

ಗೋಲ್ಕೊಂಡವನ್ನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಸೇರಬೇಕು. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಜನಸಂದಣಿಯಲ್ಲಿ ಚಪ್ಪಾಳೆಯೂ ಕೇಳಿಸುವುದಿಲ್ಲ. ಬಾಲಾ ಹಿಸಾರ್ ದ್ವಾರದ ಗುಮ್ಮಟದಡಿ ತಟ್ಟಿದ ಚಪ್ಪಾಳೆ ಗುಡ್ಡದ ಮೇಲೆ ಕೇಳಿಸುತ್ತದೆಂದು ಗೈಡುಗಳು ತೋರಿಸುತ್ತಾರೆ. ಮಕ್ಕಳೇ ತಟ್ಟಲಿ: ಒಮ್ಮೆ ಗುಮ್ಮಟದ ನಡುವೆ, ಒಮ್ಮೆ ಹತ್ತು ಹೆಜ್ಜೆ ಆಚೆ. ಮೇಲಿರುವ ಗುಂಪು ಯಾವುದು ಕೇಳಿಸಿತು, ಯಾವುದು ಇಲ್ಲ ಎಂದು ಗುರುತು ಹಾಕಿಕೊಳ್ಳಲಿ. ಆಮೇಲೆ ನೀರಿನ ಸರದಿ. ಗೋಡೆಗಳಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ಇಂದಿಗೂ ಕಾಣುತ್ತವೆ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪೊಂದನ್ನು ಒಯ್ದು ನೀರು ತುಂಬಿಸಿ: ಒಂದು ತುದಿಯನ್ನು ಎಷ್ಟೇ ಎತ್ತಿದರೂ ನೀರು ಇನ್ನೊಂದು ತುದಿಯ ಮಟ್ಟಕ್ಕಿಂತ ಮೇಲೇರದು. ಹಾಗಾದರೆ ಅರಮನೆಗೆ ಏರಿದ್ದು ಹೇಗೆ? ಹಂತಹಂತವಾಗಿ ಪರ್ಷಿಯನ್ ರಾಟೆಗಳಿಂದ ಎತ್ತಿ ತೊಟ್ಟಿಗಳಿಗೆ ತುಂಬಿಸುತ್ತಿದ್ದರು ಎಂಬ ಉತ್ತರವನ್ನು ಶಿಕ್ಷಕರು ಮೊದಲೇ ಹೇಳಬಾರದು. ಮಕ್ಕಳು ಹತ್ತು ಊಹೆ ಮಾಡಲಿ, ಒಂಬತ್ತು ತಪ್ಪಾಗಲಿ. ಈ ತಪ್ಪು ಊಹೆಗಳಿಗೆ ಸಮಯ ಬಿಡದ ಪ್ರವಾಸವನ್ನು ವಿಜ್ಞಾನ ಪ್ರವಾಸ ಎನ್ನಲಾರೆ.

ಅಲ್ಲಿನ ದುಂಡು ಬಂಡೆಗಳನ್ನು ಯಾರೋ ಉರುಳಿಸಿ ತಂದಿಟ್ಟರೆಂದೇ ಮಕ್ಕಳು ಭಾವಿಸುತ್ತಾರೆ. ಅವು ಎಲ್ಲಿಂದಲೂ ಬಂದವಲ್ಲ. ಬಿರುಕುಗಳಿಗೆ ನೀರು ಇಳಿದು, ಮೂಲೆಗಳು ಮೊದಲು ಸವೆದು, ಈರುಳ್ಳಿಯಂತೆ ಪದರ ಪದರ ಕಳಚಿ ಅಲ್ಲೇ ದುಂಡಗಾದವು. ಭೂತಗನ್ನಡಿಯಲ್ಲಿ ಗಾಜಿನಂಥ ಸ್ಫಟಿಕ, ಗುಲಾಬಿ ಅಥವಾ ಬಿಳಿಯ ಫೆಲ್ಡ್‌ಸ್ಪಾರ್, ಮಿನುಗುವ ಅಭ್ರಕ ಮೂರನ್ನೂ ಗುರುತಿಸಬಹುದು. ಕೋಟೆಯ ಕಲ್ಲನ್ನು ಒಡೆಯುವಂತಿಲ್ಲ, ಕೆರೆಯುವಂತಿಲ್ಲ ಎಂಬುದು ಹತ್ತುವ ಮೊದಲೇ ಇತ್ಯರ್ಥವಾಗಿರಲಿ.

ಮಧ್ಯಾಹ್ನ ಊಟ ಮುಗಿಸಿ ಗಂಡಿಪೇಟೆಯ ಉಸ್ಮಾನ್ ಸಾಗರ ಕೆರೆಗೆ. ಕೋಟೆಯೂ ಈ ಕೆರೆಯೂ ನಗರದ ಪಶ್ಚಿಮಕ್ಕೇ ಇರುವುದರಿಂದ ಬಸ್ಸು ಹಳೆಯ ಪೇಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಪರಿಹಾರ ಸೂಚಿಸಲು ನಿಜಾಮರ ಸರಕಾರ ಕರೆಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಮೇಲ್ಭಾಗದಲ್ಲೇ ನೀರನ್ನು ತಡೆದು ನಿಲ್ಲಿಸಬೇಕೆಂಬ ಅವರ ಸಲಹೆಯ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಬಂದವು. ಕೆ.ಆರ್.ಎಸ್. ಹೆಸರು ಬಲ್ಲ ಮಗುವಿಗೆ ಇದನ್ನು ದಂಡೆಯ ಮೇಲೆ ನಿಲ್ಲಿಸಿಯೇ ಹೇಳಬೇಕು. ಮರಳುಗುಪ್ಪೆಗೆ ಅಡ್ಡಗಟ್ಟೆ ಕಟ್ಟಿ ಬಾಟಲಿ ನೀರು ಸುರಿಯುವ ಆಟವನ್ನು ಶಾಲೆಯ ಅಂಗಳಕ್ಕೆ ಉಳಿಸಿಕೊಂಡರೂ ಆದೀತು.

ರಾತ್ರಿ ಉಳಿಯುವ ಶಾಲೆಗಳಿಗೆ ಮರುದಿನ ನೌಬತ್ ಪಹಾಡದ ಬಿರ್ಲಾ ವಿಜ್ಞಾನ ಕೇಂದ್ರ. ಅಲ್ಲಿನ ತಾರಾಲಯ 1985ರದು. ಆದರೆ ನನ್ನ ಮೆಚ್ಚಿನದು ಕೋಟಾಸಾರಸ್ ಯಮನಪಲ್ಲಿಯೆನ್ಸಿಸ್ ಎಂಬ ಡೈನೋಸಾರಿನ ಅಸ್ಥಿಪಂಜರ. ಹಳೆಯ ಅದಿಲಾಬಾದ್ ಜಿಲ್ಲೆಯ ಯಮನಪಲ್ಲಿಯ ಬಳಿ ಹಲವು ಪ್ರಾಣಿಗಳ ಮೂಳೆಗಳು ಒಟ್ಟಿಗೆ ಸಿಕ್ಕವು. ತಲೆಬುರುಡೆ ಸಿಗಲಿಲ್ಲ, ಹಲ್ಲುಗಳು ಮಾತ್ರ ಸಿಕ್ಕವು. ತಲೆಯೇ ಸಿಗದಿದ್ದರೂ ಇದು ಸೊಪ್ಪು ತಿನ್ನುತ್ತಿತ್ತೆಂದು ಹೇಗೆ ಹೇಳಿದರು ಎಂದು ಕೇಳಿ ಸುಮ್ಮನಿರಿ. ಹಸುವಿನ ಹಲ್ಲು, ನಾಯಿಯ ಹಲ್ಲು ಕಂಡ ಹಳ್ಳಿಯ ಮಕ್ಕಳಿಗೆ ಉತ್ತರ ಹೊಳೆಯುತ್ತದೆ.

ಉಳಿದದ್ದು ವ್ಯವಸ್ಥೆಯ ಮಾತು. ಒಬ್ಬ ಶಿಕ್ಷಕರಾದರೂ ಮೊದಲೇ ಹೋಗಿ ಮೆಟ್ಟಿಲು, ಶೌಚಾಲಯ, ಕುಡಿಯುವ ನೀರು, ನೆರಳು ನೋಡಿ ಬರಲಿ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರಿದ್ದರೆ ಪ್ರಯೋಗ ನಡೆಯುತ್ತದೆ. ನಲವತ್ತು ಮಕ್ಕಳಿಗೆ ಒಬ್ಬರಾದರೆ ಬರೀ ಎಣಿಕೆ. ಮೆಟ್ಟಿಲು ಹತ್ತಲಾಗದ ಮಗುವಿಗೆ ಕೆಳಗಿನ ಚಪ್ಪಾಳೆ ಗುಂಪಿನ ಮುಂದಾಳತ್ವ ಸಿಗಲಿ.

ಹೈದರಾಬಾದಿನ ಬೇಗಂಪೇಟೆಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಇದೇ ಊರಿನಲ್ಲಿ. ಆದರೆ ಆ ಪಾಠಕ್ಕೆ ಶಾಲೆಯೇ ವಾಸಿ. ಹಿತ್ತಲಿನ ನಿಂತ ನೀರಿನಿಂದ ಹಿಡಿದ ಮರಿಹುಳುಗಳನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಬಿಗಿದು ಇಟ್ಟರೆ, ಅವು ಉಸಿರಿಗೆಂದು ಮೇಲಕ್ಕೆ ಬರುವುದನ್ನೂ ಪೊರೆ ಕಳಚಿ ಸೊಳ್ಳೆಯಾಗುವುದನ್ನೂ ಮಕ್ಕಳು ದಿನವೂ ನೋಡಬಹುದು. ಕೊನೆಗೆ ಬಟ್ಟೆ ಬಿಚ್ಚದೆಯೇ ಬಾಟಲಿಯನ್ನು ಸಾಬೂನು ನೀರಿನಲ್ಲಿ ಪೂರ್ತಿ ಮುಳುಗಿಸಿಡಿ.