ಬಾಣಂತನ: ನಂಬಿಕೆ ಮತ್ತು ವೈದ್ಯಕೀಯ ಸತ್ಯ

ಬೆಳಗಾವಿ ಜಿಲ್ಲೆಯ ಮಸಗುಪ್ಪಿಯೂ ಸೇರಿದಂತೆ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಬಾಣಂತನವೆಂದರೆ ಎಣ್ಣೆ ಹಚ್ಚಿ ಎರೆಯುವ ಬಿಸಿನೀರು, ಹೊರಸಿನ ಕೆಳಗಿನ ಕೆಂಡದ ಕಾವು, ಕಿವಿ ಮುಚ್ಚಿ ಕಟ್ಟಿದ ಬಟ್ಟೆ, ಅಂಟು, ಒಣಕೊಬ್ಬರಿ, ಉತ್ತತ್ತಿ ಹಾಕಿದ ಉಂಡೆ ಇವೆಲ್ಲ ಕೂಡಿದ ತವರುಮನೆಯ ಆರೈಕೆ. ಹೆತ್ತವಳಿಗೆ ವಿಶ್ರಾಂತಿ ಬೇಕೆಂಬ ಅದರ ಮೂಲ ವಿಚಾರ ಸರಿಯಾದುದೇ. ಆದರೆ ಅದರೊಳಗೆ ಬೆರೆತ ಕೆಲವು ನಂಬಿಕೆಗಳು ಪ್ರಾಣಕ್ಕೇ ಎರವಾಗಬಲ್ಲವು.

ಹೆರಿಗೆಯ ನಂತರ ಹೋಗುವುದೆಲ್ಲ ‘ಕೆಟ್ಟ ರಕ್ತ’, ಹೋದಷ್ಟೂ ಒಳ್ಳೆಯದು ಎಂಬುದು ಅವುಗಳಲ್ಲಿ ಅತ್ಯಂತ ಅಪಾಯಕಾರಿ. ಗರ್ಭಕೋಶದ ಒಳಪದರ ಕಳಚುವಾಗಿನ ಸ್ರಾವ ಮೊದಲು ಕೆಂಪಾಗಿದ್ದು, ಬರಬರುತ್ತ ಕಂದಾಗಿ, ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುವುದು ಸಹಜ. ಆದರೆ ಮೊದಲ 24 ಗಂಟೆಗಳಲ್ಲಿ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದು ಪ್ರಸವೋತ್ತರ ರಕ್ತಸ್ರಾವ. ಗರ್ಭಕೋಶ ಕುಗ್ಗದೆ ಸಡಿಲವಾಗಿಯೇ ಉಳಿಯುವುದು ಇದರ ಮುಖ್ಯ ಕಾರಣ. ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರನ್ನು ಒಳಗೊಂಡು, 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭಕೋಶವನ್ನು ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಆರೋಗ್ಯ ಸಹಾಯಕಿಯರು ಹೆರಿಗೆಯಾದ ಕೂಡಲೇ ಕೊಟ್ಟಾಗ, ಇಂಥ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಹೋಗಬೇಕಾದ ರಕ್ತವೇ ಅದಾಗಿದ್ದರೆ ಅದನ್ನು ತಡೆದದ್ದರಿಂದ ತಾಯಂದಿರಿಗೆ ಕೇಡಾಗಬೇಕಿತ್ತು, ಆದದ್ದು ಒಳಿತೇ. ಒಂದು ಗಂಟೆಯೊಳಗೆ ಪ್ಯಾಡು ಪೂರ್ತಿ ತೊಯ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ಅಳೆದು ಕೊಡುವುದುಂಟು. ಹೊಟ್ಟೆ ಉಬ್ಬಿರುವುದಕ್ಕೆ ಹಿಗ್ಗಿದ ಗರ್ಭಕೋಶ ಮತ್ತು ಸಡಿಲಗೊಂಡ ಸ್ನಾಯುಗಳು ಕಾರಣವೇ ಹೊರತು ನೀರಲ್ಲ. ಹೆರಿಗೆಯ ಬಳಿಕ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುವುದರಿಂದ, ನೀರಿನ ಕೊರತೆಯೂ ಕೂಡಿದರೆ ಮಿದುಳಿನ ಅಭಿಧಮನಿಗಳಲ್ಲಿ, ಅಂದರೆ ಮಿದುಳಿನಿಂದ ರಕ್ತವನ್ನು ಮರಳಿ ಒಯ್ಯುವ ನಾಳಗಳಲ್ಲಿ, ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಬಾಣಂತಿಯರ ಈ ಕಾಯಿಲೆಗೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಚಿಕಿತ್ಸೆಯನ್ನು ಪರೀಕ್ಷಿಸಿದ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1995ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ್ದರು. ಬಾಯಾರಿದಷ್ಟು ನೀರು ಕೊಡುವುದೇ ಸರಿ. ಕಿಟಕಿ ಮುಚ್ಚಿದ ಕೋಣೆಯ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವನ್ನು ಬಿಡುವುದರಿಂದ ಅದನ್ನು ಕೈಬಿಡಬೇಕು.

ಮನಸ್ಸಿನ ನೋವಿಗಂತೂ ‘ಗಾಳಿ ಸೋಂಕು’ ಎಂಬ ಹೆಸರು ಸಿದ್ಧವಾಗಿಯೇ ಇರುತ್ತದೆ. ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹುಜನರಲ್ಲಿ ಕಂಡು ತಾನಾಗಿಯೇ ಮಾಯುತ್ತದೆ. ಎರಡು ವಾರ ಮೀರಿಯೂ ದುಃಖ, ನಿದ್ರಾಹೀನತೆ, ಕೂಸಿನ ಮೇಲೆ ನಿರಾಸಕ್ತಿ ಉಳಿದರೆ ಅದು ಪ್ರಸವೋತ್ತರ ಖಿನ್ನತೆಯಾಗಿರಬಹುದು. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ ಇದು ಶೇ 22ರಷ್ಟು ತಾಯಂದಿರಲ್ಲಿದೆ ಎಂದು ಅಂದಾಜಿಸಿದೆ. ಜನ ‘ಬಾಣಂತಿ ಸನ್ನಿ’ ಎನ್ನುವ, ಭ್ರಮೆ ಮತ್ತು ಅಸಂಬದ್ಧ ಮಾತಿನ ತೀವ್ರ ಸ್ಥಿತಿ ಸಾವಿರಕ್ಕೆ ಒಬ್ಬಿಬ್ಬರಲ್ಲಿ ಬರುತ್ತದೆ. ಮಂತ್ರ, ತಾಯಿತಗಳಲ್ಲಿ ಕಳೆದುಹೋಗುವ ಒಂದೊಂದು ದಿನವೂ ತಾಯಿ-ಮಗು ಇಬ್ಬರಿಗೂ ಅಪಾಯ.

ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಮನೆಗೆ ಬಂದು ಕೂಸಿನ ತೂಕ ನೋಡಿದಾಗಲೆಲ್ಲ ಬಾಣಂತಿಯ ಮನಸ್ಸಿನ ಸ್ಥಿತಿಯನ್ನೂ ಮನೆಯವರು ತಿಳಿಸಲಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೂ, ಉಚಿತವಾಗಿಯೂ ಕರೆ ಮಾಡಬಹುದು.